ಅಜ್ಜಿಯ ದಾನಪತ್ರಕ್ಕೆ ಸೇರಬೇಕಾದ ಆ ಎರಡು ಸಾಲು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ಪಿಜಿ ರೂಮಲ್ಲಿ ಬಟ್ಟೆ ಮಡಚ್ತಾ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯದ ಹೆಸರು ಕೇಳಿದ ತಕ್ಷಣ ಸ್ಕಿಪ್ ಮಾಡಬೇಡಿ. ವಿಲ್, ದಾನಪತ್ರ, ಹಿರಿಯ ನಾಗರಿಕರ ಕಾಯ್ದೆ. "ನಂಗಿನ್ನೂ ಇಪ್ಪತ್ತೈದು ವರ್ಷ, ನಂಗ್ಯಾಕಪ್ಪ ಇದು" ಅಂತ ಅನ್ನಿಸಬಹುದು. ಆದ್ರೆ ನಿಮ್ಮ ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ, ಅವರ ಹೆಸರಲ್ಲಿ ಎರಡು ಎಕರೆ ಜಮೀನೋ ಒಂದು ಹಳೇ ಮನೆಯೋ ಇದ್ದರೆ, ಆ ಕಾಗದ ಪತ್ರ ಓದಿ ಹೇಳೋ ಕೆಲಸ ಇವತ್ತಲ್ಲ ನಾಳೆ ನಿಮ್ಮ ಪಾಲಿಗೇ ಬರ್ತದೆ. ಮನೆಯಲ್ಲಿ ಪಿಡಿಎಫ್ ಓಪನ್ ಮಾಡಕ್ಕೆ ಬರೋರು ನೀವೇ ತಾನೆ?

ನಾನು ವಕೀಲ ಅಲ್ಲ, ಬಿಕಾಂ ಓದಿದವನು. ಹಾಗಾಗಿ ನಿಮ್ಮ ಮನೆಯ ಕೇಸಿಗೆ ಇದು ಸಲಹೆ ಅಲ್ಲ. ಯಾವ ಪ್ರಶ್ನೆ ಕೇಳಬೇಕು ಅನ್ನೋದು ಗೊತ್ತಿದ್ದರೆ ವಕೀಲರ ಹತ್ತಿರ ಹೋದಾಗ ಅರ್ಧ ಗಂಟೆ ಉಳಿಯುತ್ತೆ, ಅಷ್ಟೇ ನನ್ನ ಆಸೆ.

ಮೊದಲು ನಮ್ಮ ಜಿಲ್ಲೆಯ ಮಾತು. ಚಿತ್ರದುರ್ಗ ಅಂದ್ರೆ ಬರಗಾಲದ ಜಿಲ್ಲೆ, ಇಲ್ಲಿನ ಜಮೀನಿಗೆ ಬೆಲೆ ಎಲ್ಲಿಂದ ಬರಬೇಕು ಅಂತ ನಮ್ಮ ತಾತಂದಿರು ಅಂದುಕೊಂಡಿದ್ದರು. ಈಗ ಹಾಗಿಲ್ಲ. ಹಿರಿಯೂರು, ಚಿತ್ರದುರ್ಗದ ಮೇಲೆ ಹೈವೇ ಹೋಗ್ತದೆ. ತುಮಕೂರು-ದಾವಣಗೆರೆ ರೈಲು ಮಾರ್ಗಕ್ಕೆ ಜಮೀನು ಹೋಯ್ತು, ಭದ್ರಾ ಮೇಲ್ದಂಡೆ ಕಾಲುವೆಗೆ ಹೋಯ್ತು. ಗುಡ್ಡದ ಮೇಲೆಲ್ಲಾ ಗಾಳಿ ಯಂತ್ರ. ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು, ನೋಡಕ್ಕೆ ನಾವೆಲ್ಲ ಬೈಕ್ ಹತ್ತಿ ಹೋಗಿ ರೀಲ್ ಮಾಡಿದ್ದೇ ಮಾಡಿದ್ದು. ಹೊಸದುರ್ಗದ ಕಡೆ ದಾಳಿಂಬೆ, ಹೊಳಲ್ಕೆರೆ ಕಡೆ ಅಡಿಕೆ. ಒಟ್ಟಿನಲ್ಲಿ ಯಾರೂ ಕೇಳದೆ ಇದ್ದ ಎರಡು ಎಕರೆ ಈಗ ಎಲ್ಲರೂ ಕೇಳೋ ಎರಡು ಎಕರೆ ಆಗಿದೆ. ಅದು ಯಾರ ಹೆಸರಲ್ಲಿದೆ ಅಂತ ನೋಡಿದರೆ, ಬಹಳ ಸಲ ಎಪ್ಪತ್ತು ದಾಟಿದ ಒಬ್ಬ ಅಜ್ಜನ ಹೆಸರಲ್ಲೋ ಅಜ್ಜಿಯ ಹೆಸರಲ್ಲೋ ಇರ್ತದೆ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯೋದು ದಾನಪತ್ರ. ಯಾಕೆ ದಾನಪತ್ರ? ಖರ್ಚು ಕಡಿಮೆ. ಮಾರಾಟ ಮಾಡಿದರೆ ಮುದ್ರಾಂಕ ಶುಲ್ಕವನ್ನ ಆಸ್ತಿಯ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಕಟ್ಟಬೇಕು. ಮಗನಿಗೋ ಮಗಳಿಗೋ ದಾನ ಕೊಟ್ಟರೆ ಕರ್ನಾಟಕದಲ್ಲಿ ಒಂದು ನಿಗದಿ ಮೊತ್ತ ಕಟ್ಟಿದರೆ ಮುಗೀತು. ಬೆಳಿಗ್ಗೆ ಪತ್ರ ಬರಹಗಾರರ ಹತ್ತಿರ ಬರೆಸಿ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಫೋಟೊ, ಹೆಬ್ಬೆಟ್ಟು, ಮಧ್ಯಾಹ್ನ ಹೋಟೆಲಲ್ಲಿ ಊಟ, ಸಂಜೆ ವಾಪಸ್ ಮನೆ. ಅಜ್ಜಿಗೆ ಅವತ್ತು ಬೆಳಿಗ್ಗೆ ಜಮೀನಿತ್ತು, ಸಂಜೆಗೆ ಇಲ್ಲ.

"ಮನೆಯವರಿಗೆ ತಾನೆ ಕೊಟ್ಟಿದ್ದು, ಬೇಡ ಅಂದ್ರೆ ವಾಪಸ್ ತಗೊಂಡರಾಯ್ತು" ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಹಾಗಾಗಲ್ಲ. ನೋಂದಣಿ ಆಗಿ, ತಗೊಂಡವರು ಒಪ್ಪಿಕೊಂಡ ದಾನಪತ್ರವನ್ನ ಕೊಟ್ಟವರು ಮನಸ್ಸು ಬದಲಾಯ್ತು ಅಂತ ರದ್ದು ಮಾಡಕ್ಕೆ ಬರಲ್ಲ. ವಿಲ್ ಹಾಗಲ್ಲ. ಅದನ್ನ ಬದುಕಿರೋ ತನಕ ಎಷ್ಟು ಸಲ ಬೇಕಾದರೂ ಹರಿದು ಹಾಕಿ ಹೊಸದು ಬರೀಬಹುದು. ಇವೆರಡರ ನಡುವಿನ ಈ ವ್ಯತ್ಯಾಸವನ್ನ ಯಾರೂ ಹಿರಿಯರಿಗೆ ಕೂತು ಹೇಳಲ್ಲ. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಅಂತಾರೆ, ಒತ್ತುತ್ತಾರೆ.

ಇಲ್ಲೇ 2007ರ ಕಾಯ್ದೆ ಬರೋದು. ಪೂರ್ತಿ ಹೆಸರು ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. 60 ವರ್ಷ ತುಂಬಿದವರೆಲ್ಲ ಹಿರಿಯ ನಾಗರಿಕರು. ಅದರ 23ನೇ ಸೆಕ್ಷನ್ ಹೇಳೋದು ಇಷ್ಟು: ನನ್ನ ಅಗತ್ಯಗಳನ್ನ ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಹಿರಿಯರೊಬ್ಬರು ಆಸ್ತಿ ಕೊಟ್ಟಿದ್ದು, ತಗೊಂಡವರು ನೋಡಿಕೊಳ್ಳದೆ ಹೋದರೆ, ಆ ಪತ್ರವನ್ನ ಮೋಸದಿಂದಲೋ ಒತ್ತಾಯದಿಂದಲೋ ಮಾಡಿಸಿಕೊಂಡದ್ದು ಅಂತ ಪರಿಗಣಿಸಿ ರದ್ದು ಮಾಡಬಹುದು. ರದ್ದು ಮಾಡಕ್ಕೆ ವರ್ಷಗಟ್ಟಲೆ ಸಿವಿಲ್ ಕೋರ್ಟಿಗೆ ಅಲೆಯೋದು ಬೇಡ. ನಮ್ಮಲ್ಲಿ ಉಪವಿಭಾಗಾಧಿಕಾರಿ, ಅಂದ್ರೆ ನಾವು ಎಸಿ ಅಂತೀವಲ್ಲ, ಅವರೇ ಇದಕ್ಕೆ ನ್ಯಾಯಮಂಡಳಿ. ಅವರ ಆದೇಶ ಸರಿಬರಲಿಲ್ಲ ಅಂದರೆ 60 ದಿನದ ಒಳಗೆ ಡಿಸಿ ಮುಂದೆ ಮೇಲ್ಮನವಿ.

ಈ ಸೆಕ್ಷನ್ನಿನಲ್ಲಿ ಒಂದು ಪದ ಇದೆ ನೋಡಿ, "ಷರತ್ತಿನ ಮೇಲೆ". ಇಡೀ ಇಂಡಿಯಾದ ಕೋರ್ಟುಗಳು ಗುದ್ದಾಡಿದ್ದು ಆ ಒಂದು ಪದದ ಮೇಲೆ. 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳ್ತು: ತಾಯಿ ಹಕ್ಕು ಬಿಟ್ಟುಕೊಟ್ಟ ಪತ್ರದಲ್ಲಿ ಅಂಥ ಷರತ್ತಿಲ್ಲ, ಷರತ್ತಿತ್ತು ಅಂತ ಅರ್ಜಿಯಲ್ಲೂ ಹೇಳಿಲ್ಲ, ಹಾಗಾಗಿ 23ನೇ ಸೆಕ್ಷನ್ ಇಲ್ಲಿ ನಡೆಯಲ್ಲ, ಪತ್ರ ಉಳೀತು. ಆಮೇಲೆ 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಇನ್ನೊಂದು ಪೀಠದಿಂದ ತಾಯಿಯ ಪರ ತೀರ್ಪು ಕೊಟ್ಟಿತು. ಮಧ್ಯಪ್ರದೇಶದ ತಾಯಿ, 1968ರಲ್ಲಿ ಕೊಂಡ ಆಸ್ತಿ, 2019ರಲ್ಲಿ ಮಗನಿಗೆ ದಾನ. ಅಲ್ಲಿ ದಾನಪತ್ರದ ಜೊತೆಗೆ "ಕೊನೆ ತನಕ ನೋಡಿಕೊಳ್ತೀನಿ" ಅಂತ ಮಗ ಬರೆದುಕೊಟ್ಟಿದ್ದಾನೆ ಅನ್ನೋ ಒಂದು ವಚನ ಪತ್ರ ಇತ್ತು. ಅದು ಸುಳ್ಳು ಕಾಗದ ಅಂತ ಮಗ ವಾದಿಸಿದ. ಈ ಕಾಯ್ದೆ ಇರೋದೇ ಹಿರಿಯರಿಗೆ ಅನುಕೂಲ ಆಗಲಿ ಅಂತ, ಅದನ್ನ ಉದಾರವಾಗಿ ಅರ್ಥ ಮಾಡಿಕೊಳ್ಳಬೇಕು ಅಂತ ಹೇಳಿ ಕೋರ್ಟು ದಾನಪತ್ರವನ್ನ ರದ್ದು ಮಾಡ್ತು.

ಎರಡನೇ ತೀರ್ಪು ಬಂದ ದಿನ ವಾಟ್ಸಾಪಲ್ಲಿ "ಇನ್ಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ ಆಸ್ತಿ ಆಟೋಮ್ಯಾಟಿಕ್ ವಾಪಸ್" ಅಂತ ಫಾರ್ವರ್ಡ್ ಓಡಾಡಿತು. ನಂಬಬೇಡಿ. ಆ ತಾಯಿ ಕೈಯಲ್ಲಿ ಒಂದು ಕಾಗದ ಇತ್ತು. ಕಾಗದ ಇಲ್ಲದವರು ಮೊದಲ ತೀರ್ಪಿನ ಎದುರು ನಿಂತು ಷರತ್ತಿತ್ತು ಅಂತ ಸಾಬೀತು ಮಾಡಬೇಕು. ಎರಡು ಸಾಲು ಬರೆಸಿದ್ದರೆ ಆ ಪಾಡೇ ಇಲ್ಲ.

ಈಗ ನಮ್ಮ ಮನೆ ಕತೆ ಹೇಳ್ತೀನಿ, ಯಾಕಂದ್ರೆ ಈ ಸಂಚಿಕೆ ಮಾಡಕ್ಕೆ ಅದೇ ಕಾರಣ. ನಮ್ಮ ಅಮ್ಮನ ತಾಯಿ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. 76 ವರ್ಷ. ಅವರ ಹೆಸರಲ್ಲಿ ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಹಸು ಕಟ್ಟಿ ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ ಅವರೇ ಕೊಂಡಿದ್ದು. ತೋಟ ನೋಡಿಕೊಳ್ತಾ ಇರೋದು ನಮ್ಮ ಮಾವ. ಒಳ್ಳೆ ಮನುಷ್ಯ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅಜ್ಜಿಗೆ ಕಣ್ಣಿನ ಆಪರೇಷನ್ ಮಾಡಿಸಿದ್ದು ಅವರೇ, ರಾತ್ರಿ ಎದ್ದು ಬಿಸಿನೀರು ಕಾಯಿಸಿ ಕೊಡೋದೂ ಅವರ ಮನೆಯಲ್ಲೇ. ಹೊಸ ಬೋರು ಕೊರೆಸಬೇಕು, ಸಾಲ ಬೇಕು, ಪಹಣಿ ತನ್ನ ಹೆಸರಿಗೆ ಬಂದರೆ ಸಲೀಸು ಅಂತ ಈ ವರ್ಷ ದಾನಪತ್ರದ ಮಾತು ತೆಗೆದರು. ಕರಡು ಬರೆಸಿ ಅದರ ಫೋಟೊ ನನಗೆ ಕಳಿಸಿ, "ನೀನು ಓದಿದವನು, ಒಂದ್ಸಲ ನೋಡಪ್ಪಾ" ಅಂದರು.

ಓದಿದೆ. ಚಕ್ಕುಬಂದಿ ಸರಿ ಇತ್ತು, ಸರ್ವೆ ನಂಬರ್ ಸರಿ ಇತ್ತು. "ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ" ಅನ್ನೋ ಮಾಮೂಲಿ ಸಾಲು ಇತ್ತು. ಅಜ್ಜಿಯ ಊಟ, ಔಷಧಿ, ಇರೋ ಮನೆ, ಇದರ ಬಗ್ಗೆ ಒಂದಕ್ಷರ ಇರಲಿಲ್ಲ.

ನಾನು ಫೋನ್ ಮಾಡಿ, ಮಾವ, ಇದಕ್ಕೆ ಎರಡು ಸಾಲು ಸೇರಿಸೋಣ ಅಂದೆ. ಒಂದು, ಅಜ್ಜಿ ಬದುಕಿರೋ ತನಕ ಅವರ ಊಟ, ಬಟ್ಟೆ, ವಸತಿ, ವೈದ್ಯಕೀಯ ಖರ್ಚು ನೋಡಿಕೊಳ್ಳೋ ಷರತ್ತಿನ ಮೇಲೆ ಈ ದಾನ ಅಂತ. ಇನ್ನೊಂದು, ತೋಟದ ಫಲ ಅನುಭವಿಸೋ ಹಕ್ಕು ಅಜ್ಜಿಗೆ ಜೀವಂತ ಇರೋವರೆಗೂ ಇರ್ತದೆ ಅಂತ. ಇದು ಕಾನೂನಿಗೆ ಹೊರಗಿನ ಮಾತಲ್ಲ. ದಾನ ಕೊಟ್ಟವರು ಬದುಕಿರೋ ತನಕ ಅನುಭವದ ಹಕ್ಕನ್ನ ತಾವೇ ಉಳಿಸಿಕೊಂಡರೂ ದಾನ ಸಿಂಧು ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮಾವ ಕೇಳಿದ್ದು ಒಂದೇ ಮಾತು: "ನಾನು ನಮ್ಮವ್ವನಿಗೆ ಅನ್ನ ಹಾಕ್ತೀನಿ ಅಂತ ಛಾಪಾ ಕಾಗದದ ಮೇಲೆ ಬರ್ಕೊಡಬೇಕೇನಪ್ಪಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಸಲೀಸಾದ ಉತ್ತರ ಇರಲಿಲ್ಲ. ಯಾಕಂದ್ರೆ ಅವರ ನೋವು ಸುಳ್ಳಲ್ಲ. ಹದಿನೈದು ವರ್ಷ ನೋಡಿಕೊಂಡ ಮನುಷ್ಯನಿಗೆ, ಊರಿಗೆ ಹಬ್ಬಕ್ಕೆ ಬಂದು ಹೋಗೋ ತಂಗಿ ಮಗ ಷರತ್ತು ಹಾಕ್ತಾನೆ ಅಂದ್ರೆ ಏನನ್ನಿಸಬೇಕು? ಅಜ್ಜಿಯಂತೂ ನನಗೇ ಬೈದರು. "ಮಗನ ಮೇಲೆ ನಂಬಿಕೆ ಇಲ್ಲದೆ ಕೊಡೋದಾದ್ರೆ ಕೊಡೋದೇ ಬೇಡ" ಅಂದರು.

ನಾನು ಮಾವನಿಗೆ ಹೇಳಿದ್ದು ಇಷ್ಟು. ಮಾವ, ಈ ಸಾಲು ನಿಮಗಾಗಿ ಅಲ್ಲ. ಬೈಕಲ್ಲಿ ಹೋಗ್ತಿರೋವಾಗ ನಾಳೆ ನಿಮಗೇ ಏನಾದರೂ ಆಯ್ತು ಅಂತಿಟ್ಕೊಳ್ಳಿ. ಆಗ ತೋಟ ನಿಮ್ಮ ಹೆಂಡತಿ ಮಕ್ಕಳಿಗೆ ಹೋಗ್ತದೆ. ಅಜ್ಜಿಗೆ ನಿಮ್ಮ ತಾಯಿ ಅಂತ ಒಂದು ಪಾಲು ಬರ್ತದೆ ನಿಜ, ಆದ್ರೆ ಎಂಬತ್ತನೇ ವಯಸ್ಸಲ್ಲಿ ಸೊಸೆ, ಮೊಮ್ಮಕ್ಕಳ ಜೊತೆ ತನ್ನ ತೋಟದಲ್ಲೇ ಪಾಲು ಕೇಳ್ಕೊಂಡು ನಿಲ್ಲಬೇಕು. ಸಾಲ ಕಟ್ಟಕ್ಕಾಗದೆ ಬ್ಯಾಂಕಿನವರು ಬಂದರೆ? ನೀವು ಒಳ್ಳೆಯವರು ಅನ್ನೋದು ಪತ್ರಕ್ಕೆ ಗೊತ್ತಿಲ್ಲ, ಅದಕ್ಕೆ ಬರೆದಿದ್ದಷ್ಟೇ ಗೊತ್ತು. ಮಾವ "ಯೋಚನೆ ಮಾಡ್ತೀನಿ" ಅಂತ ಫೋನಿಟ್ಟರು.

ಇದು ನಡೆದು ಎರಡು ತಿಂಗಳಾಯ್ತು. ಮಧ್ಯೆ ಒಂದು ಮದುವೆಯಲ್ಲಿ ಸಿಕ್ಕಾಗ ಮಾವ ಮಾತಾಡಿಸಲಿಲ್ಲ, ಎಲೆ ಮುಂದೆ ಕೂತವನ ಪಕ್ಕದಿಂದ ಎದ್ದು ಹೋದರು. ಅಮ್ಮ ನನ್ನ ಮೇಲೆ ಸಿಟ್ಟಾದರು. "ನಿನ್ನ ಕಾನೂನಿಂದ ನನ್ನ ತವರಿನ ಬಾಗಿಲು ಮುಚ್ಚಿಸಬೇಡ" ಅಂದರು. ಅಮ್ಮನ ಭಯಕ್ಕೂ ಅರ್ಥ ಇದೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಹೋದ ವಾರ ಅಜ್ಜಿಯೇ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರು: "ಆ ಸಾಲು ಹಾಕಿದ್ರೆ ಮಗಂಗೆ ಸಾಲ ಸಿಗಲ್ವಾ?" ಅನುಭವದ ಹಕ್ಕು ತಾಯಿಯದ್ದು ಅಂತ ಇದ್ದರೆ ಬ್ಯಾಂಕು ತಾಯಿಯ ಸಹಿಯನ್ನೂ ಕೇಳಬಹುದು, ನೀನೂ ಹೋಗಿ ಸಹಿ ಹಾಕಬೇಕಾಗಬಹುದು ಅಂದೆ. "ಹಾಕ್ತೀನಿ ಬಿಡು, ಅದ್ರಾಗೇನೈತೆ" ಅಂದರು. ಕರಡು ಈಗ ಮತ್ತೆ ಪತ್ರ ಬರಹಗಾರರ ಹತ್ತಿರ ಹೋಗಿದೆ. ಯಾವ ಸಾಲು ಇರ್ತದೆ, ಯಾವುದು ಹೋಗ್ತದೆ, ನನಗೂ ಗೊತ್ತಿಲ್ಲ.

ಸರಿ, ಮುಂದಕ್ಕೆ ಹೋಗೋಣ. "ದಾನಪತ್ರನೇ ಬೇಡ, ವಿಲ್ ಬರೆಸಿದರೆ?" ಅಂತ ಕೇಳಬಹುದು. ಅವಸರ ಇಲ್ಲದಿದ್ದರೆ ನನ್ನ ಓಟು ವಿಲ್‌ಗೇ. ನಮ್ಮ ಕಡೆ ಉಯಿಲು ಅಂತಾರೆ, ಮರಣ ಶಾಸನ ಅಂತಾರೆ, ಎಲ್ಲ ಒಂದೇ. ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೇದು. ಬರೆದವರು ಸಹಿಯೋ ಹೆಬ್ಬೆಟ್ಟೋ ಹಾಕಬೇಕು, ಅದನ್ನ ನೋಡಿದ ಇಬ್ಬರು ಸಾಕ್ಷಿಗಳು ಅವರ ಮುಂದೆ ಸಹಿ ಹಾಕಬೇಕು. ಸಾಕ್ಷಿಗಳ ವಿಷಯದಲ್ಲಿ ನಮ್ಮ ಊರಿನವರು ಮಾಡೋದು ಏನು ಗೊತ್ತಾ? ಮರ್ಯಾದಸ್ಥರು ಅಂತ ಊರಿನ ಹಿರಿಯರನ್ನ ಕರೀತಾರೆ. ಬರೆದವರಿಗೆ 78, ಸಾಕ್ಷಿಗೆ 80. ನಾಳೆ ಜಗಳ ಆದಾಗ ಕನಿಷ್ಠ ಒಬ್ಬ ಸಾಕ್ಷಿ ಕೋರ್ಟಿಗೆ ಬಂದು "ಹೌದು, ನನ್ನ ಮುಂದೆ ಸಹಿ ಹಾಕಿದರು" ಅಂತ ಹೇಳಬೇಕು. ಇಬ್ಬರೂ ತೀರಿಕೊಂಡಿದ್ದರೆ ಸಾಬೀತು ಮಾಡೋದು ಬಹಳ ಕಷ್ಟ. ಹಾಗಾಗಿ ಸಾಕ್ಷಿಗೆ ಮೂವತ್ತು ನಲವತ್ತು ವಯಸ್ಸಿನ, ಆಸ್ತಿಯಲ್ಲಿ ಪಾಲಿಲ್ಲದ, ಊರಲ್ಲೇ ಇರೋ ಇಬ್ಬರನ್ನ ಹುಡುಕಿ. ಬರೆದವರ ಬುದ್ಧಿ ಸ್ವಾಧೀನದಲ್ಲಿದೆ ಅಂತ ಅವತ್ತಿನ ತಾರೀಖಿನಲ್ಲಿ ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಇನ್ನೂ ಗಟ್ಟಿ.

ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನ ತನಕ ಮಾತ್ರ ವಸಿಯತ್ ಮಾಡಬಹುದು, ಅದರಾಚೆಗೆ ವಾರಸುದಾರರ ಒಪ್ಪಿಗೆ ಬೇಕು.

ನೆನಪಿರಲಿ, ವಿಲ್ ಆಗಲಿ ದಾನ ಆಗಲಿ, ತಮ್ಮದಲ್ಲದ್ದನ್ನ ಯಾರೂ ಕೊಡಕ್ಕಾಗಲ್ಲ. ಅಜ್ಜನ ಹೆಸರಲ್ಲಿ ಪಹಣಿ ಇದ್ದ ಮಾತ್ರಕ್ಕೆ ಪೂರ್ತಿ ಜಮೀನು ಅವರದ್ದಲ್ಲ. ಪಿತ್ರಾರ್ಜಿತ ಆದರೆ ಅವರ ಪಾಲಷ್ಟೇ ಅವರದ್ದು. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಕರ್ನಾಟಕ 1994ರಲ್ಲೇ ಅದನ್ನ ತಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನ ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರೋದು ಅಂತ ಸ್ಪಷ್ಟ ಮಾಡ್ತು. "ಮದುವೆ ಖರ್ಚಲ್ಲೇ ನಿಮ್ಮ ಪಾಲು ಮುಗೀತು" ಅನ್ನೋ ಮಾತಿಗೆ ಕಾನೂನಲ್ಲಿ ಜಾಗ ಇಲ್ಲ. ಅದಕ್ಕೇ ಅಲ್ವಾ, ರಾಖಿ ಹಬ್ಬಕ್ಕೆ ಬಂದ ಅಕ್ಕಂದಿರ ಕೈಯಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸೋ ಅವಸರ?

ಇನ್ನೊಂದು ವಿಷಯ ನಮ್ಮ ಜಿಲ್ಲೆಗೆ ಮುಖ್ಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿದ್ದರೆ, ಅದನ್ನ 1978ರ ಪಿಟಿಸಿಎಲ್ ಕಾಯ್ದೆ ಕಾಯ್ತಾ ಇರ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನ ಮಾರಕ್ಕೂ ಆಗಲ್ಲ, ದಾನ ಕೊಡಕ್ಕೂ ಆಗಲ್ಲ. ಮನೆಯೊಳಗಿನ ವಿಭಾಗ ಮತ್ತು ವಿಲ್ ಮಾತ್ರ ಆ ನಿಷೇಧದ ಹೊರಗಿವೆ. ಇಂಥ ಜಮೀನಿಗೆ ಯಾರಾದರೂ "ಸುಮ್ನೆ ಒಂದು ದಾನಪತ್ರ ಮಾಡ್ಸಿ" ಅಂದರೆ ಅಲ್ಲೇ ನಿಲ್ಲಿ, ಮೊದಲು ವಿಚಾರಿಸಿ.

ಈಗ ನನಗೆ ತುಂಬಾ ಕಾಡಿದ ವಿಷಯಕ್ಕೆ ಬರ್ತೀನಿ. ಸತ್ತ ಮೇಲೆ ಏನು ಅನ್ನೋದಕ್ಕೆ ಕಾನೂನು ಇದೆ. ಬದುಕಿದ್ದೂ ಬುದ್ಧಿ ಸ್ವಾಧೀನ ತಪ್ಪಿದರೆ?

ದುರ್ಗದಲ್ಲೇ ನನ್ನ ಕ್ಲಾಸ್‌ಮೇಟ್ ಒಬ್ಬನ ತಂದೆಗೆ ಲಕ್ವಾ ಹೊಡೀತು. ಮಾತು ಹೋಯ್ತು, ಗುರುತು ಹೋಯ್ತು. ಅವರ ಒಬ್ಬರದೇ ಹೆಸರಲ್ಲಿ ಎಫ್‌ಡಿ ಇತ್ತು. ಆಸ್ಪತ್ರೆ ಬಿಲ್ ಕಟ್ಟಕ್ಕೆ ಅದನ್ನ ಮುರಿಸಬೇಕು. "ಅವರ ಸಹಿ ತನ್ನಿ, ಇಲ್ಲಾ ಕೋರ್ಟ್ ಆರ್ಡರ್ ತನ್ನಿ" ಅಂತು ಬ್ಯಾಂಕು. ನಾಮಿನಿ ಇವನೇ ಇದ್ದ. ಆದ್ರೆ ನಾಮಿನಿಗೆ ಕೆಲಸ ಶುರು ಆಗೋದು ಖಾತೆದಾರರು ಹೋದ ಮೇಲೆ. ಅಪ್ಪ ಬದುಕಿದ್ದಾರೆ ಅನ್ನೋ ಕಾರಣಕ್ಕೆ ಅಪ್ಪನ ದುಡ್ಡು ಅಪ್ಪನಿಗೇ ಸಿಗಲಿಲ್ಲ. ಅಮ್ಮನ ಬಳೆ ಅಡವಿಟ್ಟು ಬಿಲ್ ಕಟ್ಟಿದರು.

"ಒಂದು ಜಿಪಿಎ ಮಾಡಿಸಿಟ್ಟಿದ್ದರೆ ಆಗ್ತಿತ್ತಲ್ಲ" ಅಂತಾರೆ ಜನ. ಇಲ್ಲ ಕಣ್ರಿ. ಬಿಕಾಂ ಓದಿದವರಿಗೆ ನೆನಪಿರಬೇಕು, ಬಿಸಿನೆಸ್ ಲಾ ಪೇಪರಲ್ಲಿ ಏಜೆನ್ಸಿ ಯಾವಾಗ ಕೊನೆಯಾಗ್ತದೆ ಅಂತ ಒಂದು ಪ್ರಶ್ನೆ ಬರ್ತಿತ್ತು. ಭಾರತೀಯ ಕರಾರು ಕಾಯ್ದೆ, 201ನೇ ಸೆಕ್ಷನ್. ಅಧಿಕಾರ ಕೊಟ್ಟವರು ಸತ್ತರೂ ಕೊನೆ, ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಕೊನೆ. ಅಂದರೆ ಜಿಪಿಎ ಯಾವ ದಿನಕ್ಕೆ ಬೇಕೋ ಅದೇ ದಿನ ಅದು ಬರೀ ಕಾಗದ. ಕಂಠಪಾಠ ಮಾಡಿ ಬರೆದ ಉತ್ತರ ಒಂದು ದಿನ ಆಸ್ಪತ್ರೆಯ ಕಾರಿಡಾರಲ್ಲಿ ಹೀಗೆ ಎದುರಿಗೆ ಬಂದು ನಿಲ್ತದೆ ಅಂತ ಯಾರಿಗೆ ಗೊತ್ತಿತ್ತು?

ಮಕ್ಕಳಿಗೆ ಗಾರ್ಡಿಯನ್ ನೇಮಿಸಕ್ಕೆ ನಮ್ಮಲ್ಲಿ ಕಾನೂನಿದೆ. ಮರೆವಿನ ಕಾಯಿಲೆಯಾದ, ಕೋಮಾದಲ್ಲಿರೋ ಹಿರಿಯರ ಆಸ್ತಿ ನೋಡಿಕೊಳ್ಳೋ ಪಾಲಕರನ್ನ ನೇಮಿಸಕ್ಕೆ ನೇರವಾದ, ಸರಳವಾದ ಒಂದು ಕಾಯ್ದೆ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇರೋದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರೋರಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿ ಅಂತ ಇದ್ದಾರೆ, ಅವರ ಕೆಲಸ ಚಿಕಿತ್ಸೆಗೆ ಸಂಬಂಧಿಸಿದ್ದು, ಎಫ್‌ಡಿಗಲ್ಲ. ಕೊನೆಗೆ ಜನ ಹೋಗೋದು ಹೈಕೋರ್ಟಿಗೆ, ರಿಟ್ ಅರ್ಜಿ ಹಾಕ್ಕೊಂಡು. ಕೇರಳ ಹೈಕೋರ್ಟ್ 2019ರಲ್ಲಿ ಕೋಮಾದಲ್ಲಿರೋರ ಪರವಾಗಿ ಗಾರ್ಡಿಯನ್ ನೇಮಿಸೋದು ಹೇಗೆ ಅಂತ ಮಾರ್ಗಸೂಚಿಯನ್ನೇ ಕೊಡಬೇಕಾಯ್ತು. ಹೊಸದುರ್ಗದ ಒಬ್ಬ ತಾಯಿ ಗಂಡನ ಸ್ವಂತ ದುಡ್ಡು ಬಿಡಿಸಕ್ಕೆ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು ಅಂದರೆ, ನನ್ನ ಪ್ರಕಾರ ಅದು ಶಾಸನಸಭೆಗಳ ಸೋಮಾರಿತನ. ಬೇರೆ ಪದ ನನಗೆ ಸಿಗ್ತಿಲ್ಲ.

ಹಾಗಾಗಿ ಆರೋಗ್ಯ ಇರೋವಾಗಲೇ ಮಾಡಬೇಕಾದ ಚಿಕ್ಕ ಕೆಲಸ ಇದೆ. ಅಪ್ಪ ಅಮ್ಮನ ಖಾತೆ, ಎಫ್‌ಡಿಗಳನ್ನ ಜಂಟಿ ಮಾಡಿಸಿ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು ಅನ್ನೋ ಸೂಚನೆ ಕೊಡಿಸಿ. "ಐದರ್ ಆರ್ ಸರ್ವೈವರ್" ಅಂತ ಕೇಳಿದರೆ ಬ್ಯಾಂಕಲ್ಲಿ ಗೊತ್ತಾಗ್ತದೆ. ಎಫ್‌ಡಿಯನ್ನ ಅವಧಿಗೆ ಮೊದಲು ಮುರಿಸಕ್ಕೂ ಒಬ್ಬರ ಸಹಿ ಸಾಕಾ ಅಂತ ಬಾಯಿಬಿಟ್ಟು ಕೇಳಿ, ಬರವಣಿಗೆಯಲ್ಲಿ ಹಾಕಿಸಿ. ಬುದ್ಧಿ ಚೆನ್ನಾಗಿದ್ದು ಕೈಯಲ್ಲಿ ಸಹಿ ಆಗಲ್ಲ ಅಂದರೆ ಅದಕ್ಕೆ ಆರ್‌ಬಿಐ ದಾರಿ ಮಾಡಿದೆ. ಕೈಯ ಅಥವಾ ಕಾಲಿನ ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿ, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. 70 ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕ್ ಸೇವೆ ಕೊಡಬೇಕು ಅಂತ 2017ರಲ್ಲೇ ಸೂಚನೆ ಇದೆ. ಕೇಳಿದರೆ ಮಾತ್ರ ಕೊಡ್ತಾರೆ, ಅದು ಬೇರೆ ಮಾತು.

ನಾಮಿನಿ ಅಂದ್ನಲ್ಲ, ಅದರ ಬಗ್ಗೆ ಒಂದೇ ಮಾತು. ನಾಮಿನಿ ಅಂದರೆ ಮಾಲೀಕ ಅಲ್ಲ, ದುಡ್ಡು ತಗೊಂಡು ವಾರಸುದಾರರಿಗೆ ತಲುಪಿಸೋ ಕೈ. ಇನ್ಶೂರೆನ್ಸ್ ವಿಷಯದಲ್ಲಿ 1984ರಲ್ಲಿ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತತ್ವ ಇದೇ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಹಾಕಬಹುದು.

ಈಗ, ಈಗಾಗಲೇ ತೊಂದರೆ ಆಗಿದ್ದರೆ? ಮಕ್ಕಳು ನೋಡಿಕೊಳ್ತಿಲ್ಲ, ಹಿರಿಯರಿಗೆ ಊಟಕ್ಕಿಲ್ಲ ಅಂದರೆ ಎಸಿ ಕಚೇರಿಗೆ ಅರ್ಜಿ ಹಾಕಬಹುದು. ನಡೆಯಕ್ಕೆ ಆಗದವರ ಪರವಾಗಿ ಅವರು ಒಪ್ಪಿದ ಯಾರಾದರೂ ಹಾಕಬಹುದು, ನೀವೇ ಹಾಕಬಹುದು. ವಕೀಲರು ಬೇಕೇಬೇಕು ಅಂತಿಲ್ಲ. ಜೀವನಾಂಶದ ಅರ್ಜಿ ನೋಟಿಸ್ ತಲುಪಿದ 90 ದಿನದಲ್ಲಿ ಮುಗೀಬೇಕು ಅಂತ ಕಾಯ್ದೆ ಹೇಳ್ತದೆ, ತಿಂಗಳಿಗೆ ಗರಿಷ್ಠ 10,000 ರೂಪಾಯಿ. 2007ರಲ್ಲಿ ಬರೆದ ಮೊತ್ತ ಅದು. ಇವತ್ತಿನ ಬಿಪಿ, ಶುಗರ್ ಮಾತ್ರೆ ಬೆಲೆಗೆ ಅದು ಎಷ್ಟು ಸಾಲುತ್ತೆ ಅಂತ ನೀವೇ ಲೆಕ್ಕ ಹಾಕಿ. ಆದರೂ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿಯೊಂದನ್ನೇ ನಂಬಿ ಕೂತವರಿಗೆ ಅದು ದೊಡ್ಡದು. ಹಿರಿಯರನ್ನ ನೋಡಿಕೊಳ್ಳಬೇಕಾದವರು ಬೇಕಂತಲೇ ಎಲ್ಲಾದರೂ ಬಿಟ್ಟು ಹೋದರೆ ಮೂರು ತಿಂಗಳ ತನಕ ಜೈಲು, ಇಲ್ಲಾ ಐದು ಸಾವಿರದ ತನಕ ದಂಡ, ಇಲ್ಲಾ ಎರಡೂ. ಮಕ್ಕಳಿಲ್ಲದವರಿಗೂ ಈ ಕಾಯ್ದೆ ಇದೆ. ಅವರ ಆಸ್ತಿ ಮುಂದೆ ಯಾರಿಗೆ ಬರ್ತದೋ ಆ ಸಂಬಂಧಿಕರು ನೋಡಿಕೊಳ್ಳಬೇಕು.

ಆದ್ರೆ ಈ ಕಾಯ್ದೆಯನ್ನ ಕೋಲು ಮಾಡಿಕೊಂಡು ಸೊಸೆಯನ್ನ ಹೊರಗೆ ಹಾಕೋರೂ ಇದ್ದಾರೆ. ಬೆಂಗಳೂರಿನದ್ದೇ ಒಂದು ಪ್ರಕರಣ, ಎಸ್. ವನಿತಾ ವಿರುದ್ಧ ಬೆಂಗಳೂರು ನಗರ ಜಿಲ್ಲಾಧಿಕಾರಿ. ಗಂಡ ಕೊಂಡ ಜಾಗ, ಅವನು ಅದನ್ನ ತನ್ನ ಅಪ್ಪನಿಗೆ ಮಾರಿದ, ಅಪ್ಪ ಅದನ್ನ ತನ್ನ ಹೆಂಡತಿಗೆ ದಾನ ಕೊಟ್ಟ. ಆಮೇಲೆ ಅತ್ತೆ-ಮಾವ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅರ್ಜಿ ಹಾಕಿ ಸೊಸೆಯನ್ನ ಮನೆ ಬಿಡಿಸೋ ಆದೇಶ ತಂದರು. ಎಸಿ, ಡಿಸಿ, ಹೈಕೋರ್ಟ್ ಎಲ್ಲ ಕಡೆ ಸೊಸೆಗೆ ಸೋಲು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನ ತಳ್ಳಿ ಹಾಕಿ, ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೆಣ್ಣುಮಗಳಿಗೆ ಇರೋ ವಾಸದ ಹಕ್ಕನ್ನ ಈ ಕಾಯ್ದೆಯಿಂದ ಅಳಿಸಕ್ಕೆ ಬರಲ್ಲ, ಎರಡನ್ನೂ ಹೊಂದಿಸಿ ನೋಡಬೇಕು ಅಂತು. ಎಸಿ ಮುಂದೆ ಬಂದ ಪ್ರತಿ ಮುದುಕರೂ ಪಾಪದವರೇ ಅಂದುಕೊಳ್ಳೋದು ಬೇಡ.

ಸಾವಿನ ಹೊತ್ತಿನ ಚಿಕಿತ್ಸೆ ಬಗ್ಗೆಯೂ ಮೊದಲೇ ಬರೆದಿಡಬಹುದು. ಗುಣವಾಗೋ ಭರವಸೆ ಇಲ್ಲದಾಗ ವೆಂಟಿಲೇಟರ್ ಬೇಡ ಅಂತ ಬರೆದಿಡೋ ಹಕ್ಕನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 2023ರ ಜನವರಿಯಲ್ಲಿ ವಿಧಾನ ಸಲೀಸು ಮಾಡ್ತು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದನ್ನ ಜಾರಿಗೆ ತರೋ ಆದೇಶ ಹೊರಡಿಸಿತು. ಇದಕ್ಕೆ ಒಂದು ಪೂರ್ತಿ ಸಂಚಿಕೆಯೇ ಬೇಕು, ಮುಂದೆ ಮಾಡ್ತೀನಿ.

ಈ ಶನಿವಾರ ಊರಿಗೆ ಹೋದರೆ ಒಂದು ಕೆಲಸ ಮಾಡಿ. ಭೂಮಿ ವೆಬ್‌ಸೈಟಿಗೆ ಹೋಗಿ, ಮನೆಯ ಸರ್ವೆ ನಂಬರ್ ಹಾಕಿ, ಪಹಣಿ ಇನ್ನೂ ಯಾರ ಹೆಸರಲ್ಲಿದೆ ನೋಡಿ. ಮುತ್ತಾತನ ಹೆಸರೇ ಇದ್ದರೆ ಆಶ್ಚರ್ಯ ಪಡಬೇಡಿ, ಅಂಥವು ಬೇಕಾದಷ್ಟಿವೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಕೊಂಡು ಪೌತಿ ಖಾತೆಗೆ ಅರ್ಜಿ ಹಾಕಿಸಿ. ವಂಶವೃಕ್ಷದಲ್ಲಿ ಅತ್ತೆಯರ, ಅಕ್ಕಂದಿರ ಹೆಸರು ಬಿಟ್ಟಿದ್ದಾರಾ ಅಂತ ಒಂದ್ಸಲ ಎಣಿಸಿ ನೋಡಿ.

ಸಹಾಯ ಬೇಕಾದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಉಚಿತ. ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, ಅಜ್ಜಿಗೆ ಇದನ್ನ ಹೇಳಿ. ಪ್ರಶ್ನೆಗಳಿದ್ದರೆ ವಾಯ್ಸ್ ನೋಟ್ ಕಳಿಸಿ, ಸರ್ವೆ ನಂಬರ್, ಮನೆಯವರ ಹೆಸರು ಹಾಕಬೇಡಿ. ಮುಂದಿನ ವಾರ ಒಬ್ಬರು ವಕೀಲರನ್ನ ಕೂರಿಸಿಕೊಂಡು ಅವಕ್ಕೆಲ್ಲ ಉತ್ತರ ಹುಡುಕೋಣ.